ನುಡಿಯ ಋಣ, ನಡೆಯ ಲೆಕ್ಕ

ಫ್ರಾನ್ಸಿನ ದಕ್ಷಿಣ ಭಾಗದಲ್ಲಿರುವ ತೂಲೂಸ್ ನಗರದಲ್ಲಿ ಜಾನ್ ಕಲಾಸ್ ಎಂಬ ಜವಳಿ ವರ್ತಕನಿದ್ದನು. ವಯಸ್ಸು 60 ದಾಟಿತ್ತು. ಅನೇಕ ವರ್ಷಗಳಿಂದ ಅದೇ ಊರಿನಲ್ಲಿ ಅಂಗಡಿ ನಡೆಸಿಕೊಂಡು, ಕೆಳಗೆ ವ್ಯಾಪಾರ, ಮೇಲೆ ಸಂಸಾರ ಎಂದು ಬದುಕಿದ್ದ ಸಾಧಾರಣ ಗೃಹಸ್ಥ ಅವನು. ಊರಿನವರಲ್ಲಿ ಬಹುಪಾಲು ಜನ ಕ್ಯಾಥೊಲಿಕ್ ಪಂಥದವರು. ಕಲಾಸನ ಮನೆತನ ಮಾತ್ರ ಪ್ರಾಟೆಸ್ಟೆಂಟ್ ಪಂಥಕ್ಕೆ ಸೇರಿತ್ತು. 1685ರಲ್ಲಿ ದೊರೆ ಹದಿನಾಲ್ಕನೆಯ ಲೂಯಿ ಹೊರಡಿಸಿದ ಶಾಸನದಿಂದ ಆ ಪಂಥದವರ ಆರಾಧನೆ ಅಪರಾಧವಾಗಿಬಿಟ್ಟಿತ್ತು. ಕಲಾಸನ ಹಿರಿಯ ಮಗ ಮಾರ್ಕ್ ಆಂಟ್ವಾನ್ ಕಾನೂನು ಓದಿದ್ದನಾದರೂ, ತಾನು ಕ್ಯಾಥೊಲಿಕ್ ಎಂಬ ಪ್ರಮಾಣಪತ್ರವಿಲ್ಲದ ಕಾರಣ ವಕೀಲಿ ವೃತ್ತಿಗೆ ಪ್ರವೇಶ ದೊರೆಯದೆ ಮಂಕಾಗಿದ್ದನು.

1761ರ ಅಕ್ಟೋಬರ್ 13ರ ರಾತ್ರಿ ಮನೆಯವರೆಲ್ಲ ಒಬ್ಬ ಅತಿಥಿಯೊಡನೆ ಊಟ ಮುಗಿಸಿದ ಬಳಿಕ, ಈ ಮಗನು ಕೆಳಗಿನ ಅಂಗಡಿಯಲ್ಲಿ ಹೆಣವಾಗಿ ಕಂಡನು. ಆತ್ಮಹತ್ಯೆ ಮಾಡಿಕೊಂಡವನ ಶವವನ್ನು ಬೀದಿಯಲ್ಲಿ ಎಳೆದಾಡುವ ಕ್ರೂರ ಪದ್ಧತಿ ಆಗ ಇತ್ತು. ಆ ಅವಮಾನಕ್ಕೆ ಅಂಜಿ ಮನೆಯವರು ಮೊದಲು ಅವನನ್ನು ಯಾರೋ ಕೊಂದಿದ್ದಾರೆಂದರು. ಆಮೇಲೆ ನೇಣು ಹಾಕಿಕೊಂಡಿದ್ದನೆಂದರು. ಅಷ್ಟರಲ್ಲಿ ಹೊರಗೆ ನೆರೆದ ಜನರ ನಡುವೆ ಒಂದು ಮಾತು ಹುಟ್ಟಿ ಹರಡಿಯಾಗಿತ್ತು: ಮಗನು ಕ್ಯಾಥೊಲಿಕ್ ಮತಕ್ಕೆ ಸೇರಬೇಕೆಂದಿದ್ದನು, ಅದನ್ನು ತಾಳದೆ ತಂದೆಯೇ ಕೊಂದನು! ಸಾಕ್ಷ್ಯವಿಲ್ಲದ ಈ ಮಾತೇ ಮೊಕದ್ದಮೆಯಾಯಿತು. ತಂದೆ, ತಾಯಿ, ಇನ್ನೊಬ್ಬ ಮಗ, ಅತಿಥಿ, ಮನೆಗೆಲಸದ ಹೆಂಗಸು ಎಲ್ಲರೂ ಸೆರೆಯಾದರು. ತೂಲೂಸಿನ ಉಚ್ಚ ನ್ಯಾಯಸಭೆ ಕಲಾಸನಿಗೆ ಮರಣದಂಡನೆ ವಿಧಿಸಿತು. 1762ರ ಮಾರ್ಚ್ 10ರಂದು, ತಪ್ಪೊಪ್ಪಿಗೆಗಾಗಿ ಚಿತ್ರಹಿಂಸೆ ಕೊಟ್ಟ ನಂತರ, ಆ ವೃದ್ಧನನ್ನು ಚಕ್ರಕ್ಕೆ ಕಟ್ಟಿ ಎಲುಬುಗಳನ್ನು ಮುರಿದು ಕೊಂದರು. ಕೊನೆಯ ಉಸಿರಿನವರೆಗೂ ಅವನು ತಾನು ನಿರಪರಾಧಿಯೆಂದೇ ಹೇಳಿದನು.

ಈ ಸುದ್ದಿ ಸ್ವಿಟ್ಜರ್ಲೆಂಡಿನ ಗಡಿಯ ಬಳಿ ವಾಸವಾಗಿದ್ದ ವಾಲ್ಟೇರನಿಗೆ ಮುಟ್ಟಿತು. ಆಗ ಅವನಿಗೆ 67 ವರ್ಷ. ಕೀರ್ತಿ ಇತ್ತು, ಸಂಪತ್ತಿತ್ತು. ಇಷ್ಟವಿದ್ದರೆ ಕೇಳಿಯೂ ಕೇಳದಂತೆ ಇರಬಹುದಾಗಿತ್ತು. ಆದರೆ ಅವನು ವಿಚಾರಿಸತೊಡಗಿದನು. ಆ ಸಂಜೆ ಮನೆಯಲ್ಲಿದ್ದವರೆಲ್ಲ ಒಟ್ಟಿಗೇ ಇದ್ದರು. ಆದ್ದರಿಂದ ಎಲ್ಲರೂ ಅಪರಾಧಿಗಳಾಗಿರಬೇಕು, ಇಲ್ಲವೆ ಯಾರೂ ಅಲ್ಲ. ಒಬ್ಬ ಮುದುಕನು 28 ವರ್ಷದ ದೃಢಕಾಯನಾದ ಮಗನನ್ನು ಒಂಟಿಯಾಗಿ ನೇಣಿಗೆ ಏರಿಸಲು ಸಾಧ್ಯವೇ? ಹೀಗೆ ಒಂದೊಂದೇ ಎಳೆಯನ್ನು ಬಿಡಿಸಿ, ಪತ್ರಗಳನ್ನು ಬರೆದು, ಹಣ ಒದಗಿಸಿ, 1763ರಲ್ಲಿ ಸಹಿಷ್ಣುತೆಯನ್ನು ಕುರಿತ ಗ್ರಂಥವನ್ನೇ ಪ್ರಕಟಿಸಿದನು. 1765ರಲ್ಲಿ ರಾಜಧಾನಿಯ ನ್ಯಾಯಾಧೀಶರು ಕಲಾಸನು ನಿರ್ದೋಷಿಯೆಂದು ಸಾರಿದರು. ಸತ್ತವನು ಹಿಂತಿರುಗಲಿಲ್ಲ, ಆದರೆ ಅವನ ಹೆಸರು ಕುಟುಂಬಕ್ಕೆ ಹಿಂತಿರುಗಿತು.

ಇಷ್ಟಕ್ಕೇ ಕಥೆ ಮುಗಿದಿದ್ದರೆ ವಾಲ್ಟೇರನನ್ನು ಹೊಗಳಿ ಸುಮ್ಮನಾಗಬಹುದಿತ್ತು. ಆದರೆ ಇದೇ ವಾಲ್ಟೇರನ ಬರಹಗಳಲ್ಲಿ ಯಹೂದ್ಯರನ್ನೂ ಆಫ್ರಿಕದ ಕಪ್ಪು ಜನರನ್ನೂ ತುಚ್ಛೀಕರಿಸುವ ಮಾತುಗಳು ಕಡಿಮೆಯೇನಿಲ್ಲ. ಒಬ್ಬ ಪ್ರಾಟೆಸ್ಟೆಂಟ್ ವರ್ತಕನ ನೋವಿಗೆ ಮಿಡಿದ ಹೃದಯ ಇನ್ನೊಂದು ಸಮುದಾಯದ ಬಗ್ಗೆ ಹೇಗೆ ಕಲ್ಲಾಯಿತು? ಈ ಪ್ರಶ್ನೆ ವಾಲ್ಟೇರನೊಬ್ಬನಿಗೆ ಸೀಮಿತವಾದುದಲ್ಲ. ಹದಿನೇಳನೆಯ ಶತಮಾನದ ಕೊನೆಯಿಂದ ಹದಿನೆಂಟನೆಯ ಶತಮಾನದ ಅಂತ್ಯದವರೆಗೆ ಯೂರೋಪಿನಲ್ಲಿ ಬಾಳಿದ, ಜ್ಞಾನೋದಯದ ಯುಗದ ಚಿಂತಕರೆಂದು ಹೆಸರಾದ ಮಹನೀಯರಲ್ಲಿ ಅನೇಕರಿಗೆ ಇದು ಅನ್ವಯಿಸುತ್ತದೆ. ಇಂದು ಜಗತ್ತಿನ ಬಹುಪಾಲು ಸಂವಿಧಾನಗಳಲ್ಲಿ ಅವರ ವಿಚಾರಗಳಿವೆ. ಅವರ ಬಾಳಿನಲ್ಲಿ ಆ ವಿಚಾರಗಳು ಎಷ್ಟರಮಟ್ಟಿಗೆ ಇದ್ದವು? ನುಡಿದಂತೆ ನಡೆಯದವನ ನುಡಿಗೆ ಬೆಲೆಯುಂಟೆ? ಜ್ಞಾನದ ಜೊತೆಗೆ ಚಾರಿತ್ರವೂ ಸೇರಿದಾಗಲೇ ಮಾರ್ಗವು ಪೂರ್ಣವೆಂದು ನಂಬಿದ ಮನೆತನಗಳಲ್ಲಿ ಈ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಲಾಗದು.

ಮೊದಲು ಆ ವಿಚಾರಗಳ ಸ್ವರೂಪವನ್ನು ನೋಡುವುದು ಒಳ್ಳೆಯದು. ರಾಜನ ಅಧಿಕಾರ ದೇವರಿಂದ ಬಂದುದು, ಅವನನ್ನು ಪ್ರಶ್ನಿಸುವುದು ಪಾಪ ಎಂಬುದು ಆ ಕಾಲದ ರಾಜನೀತಿಯ ಬುನಾದಿಯಾಗಿತ್ತು. ಇದನ್ನು ಅಲುಗಾಡಿಸಿದವರಲ್ಲಿ ಇಂಗ್ಲೆಂಡಿನ ಜಾನ್ ಲಾಕ್ (1632-1704) ಪ್ರಮುಖನು. 1689ರಲ್ಲಿ ಹೆಸರಿಲ್ಲದೆ ಪ್ರಕಟವಾದ, ಸರಕಾರವನ್ನು ಕುರಿತ ತನ್ನ ಎರಡು ಪ್ರಬಂಧಗಳಲ್ಲಿ ಅವನು ಹೀಗೆ ವಾದಿಸಿದನು: ಮನುಷ್ಯರು ಹುಟ್ಟಿನಿಂದ ಸ್ವತಂತ್ರರು, ಸಮಾನರು. ಪ್ರಾಣ, ಸ್ವಾತಂತ್ರ್ಯ, ಸ್ವತ್ತು ಇವುಗಳ ರಕ್ಷಣೆಗಾಗಿಯೇ ಜನರು ಸಮ್ಮತಿಯಿಂದ ಸರಕಾರವನ್ನು ಸ್ಥಾಪಿಸುತ್ತಾರೆ. ಆದ್ದರಿಂದ ಅಧಿಕಾರವೆಂಬುದು ಒಂದು ನ್ಯಾಸ, ಅಂದರೆ ಟ್ರಸ್ಟ್. ಈ ಪದ ಲಾಕನದೇ. ಆಳುವವನು ಒಡೆಯನಲ್ಲ, ಧರ್ಮದರ್ಶಿ. ಯಾವ ಉದ್ದೇಶಕ್ಕಾಗಿ ಅಧಿಕಾರವನ್ನು ಒಪ್ಪಿಸಲಾಯಿತೋ ಅದಕ್ಕೆ ವಿರುದ್ಧವಾಗಿ ನಡೆದರೆ, ಒಪ್ಪಿಸಿದವರಿಗೆ ಅದನ್ನು ಹಿಂದಕ್ಕೆ ಪಡೆಯುವ ಹಕ್ಕಿದೆ. ದೇವಾಲಯದ ಆಸ್ತಿಯನ್ನು ನೋಡಿಕೊಳ್ಳುವವನು ಅದನ್ನು ತನ್ನ ಮನೆಯದೆಂದು ಭಾವಿಸಿದರೆ ಏನು ಮಾಡಬೇಕೆಂದು ಬಲ್ಲವರಿಗೆ ಲಾಕನ ಸಿದ್ಧಾಂತ ಅರ್ಥವಾಗಲು ಬೇರೆ ವ್ಯಾಖ್ಯಾನ ಬೇಕಿಲ್ಲ.

ಆದರೆ ಲಾಕನ ಖಾತೆಯ ಇನ್ನೊಂದು ಪುಟವೂ ಇದೆ. ಗುಲಾಮಗಿರಿ ನೀಚವಾದುದೆಂದು ಆ ಪ್ರಬಂಧಗಳ ಆರಂಭದಲ್ಲಿಯೇ ಬರೆದ ಅವನು, ಆಫ್ರಿಕದಿಂದ ಮನುಷ್ಯರನ್ನು ಹಿಡಿದು ಮಾರುತ್ತಿದ್ದ ರಾಯಲ್ ಆಫ್ರಿಕನ್ ಕಂಪನಿಯ ಷೇರುಗಳಲ್ಲಿ ಹಣ ತೊಡಗಿಸಿದ್ದನು. ಅಮೆರಿಕದ ಕ್ಯಾರೊಲಿನಾ ವಸಾಹತಿನ ಒಡೆಯರಿಗೆ ಅವನು ಕಾರ್ಯದರ್ಶಿಯಾಗಿದ್ದ ಕಾಲದಲ್ಲಿ, 1669ರಲ್ಲಿ, ಆ ವಸಾಹತಿನ ಮೂಲಶಾಸನ ಸಿದ್ಧವಾಯಿತು. ಕಪ್ಪು ಗುಲಾಮನ ಮೇಲೆ ಒಡೆಯನಿಗೆ ಪೂರ್ಣ ಅಧಿಕಾರವಿದೆಯೆಂಬ ವಿಧಿ ಅದರಲ್ಲಿತ್ತು. ಮತಸಹಿಷ್ಣುತೆಯನ್ನು ಕುರಿತು 1689ರಲ್ಲಿ ಪ್ರಕಟವಾದ ಅವನ ಪತ್ರವು ಉದಾತ್ತವಾದುದು. ಆತ್ಮದ ವಿಷಯದಲ್ಲಿ ದಂಡಕ್ಕೆ ಕೆಲಸವಿಲ್ಲ, ಬಲಾತ್ಕಾರದಿಂದ ನಂಬಿಕೆ ಹುಟ್ಟುವುದಿಲ್ಲ ಎಂದು ಅದು ಹೇಳುತ್ತದೆ. ಅದರಲ್ಲಿಯೂ ನಿರೀಶ್ವರವಾದಿಗಳಿಗೆ ಸಹಿಷ್ಣುತೆ ಸಲ್ಲದೆಂಬ ವಿನಾಯಿತಿ ಇದೆ. ಸೃಷ್ಟಿಕರ್ತನಾದ ಈಶ್ವರನನ್ನು ಒಪ್ಪದೆಯೇ ಸತ್ಯವ್ರತವನ್ನು ಪಾಲಿಸಿದ ಧರ್ಮಗಳು ಜಗತ್ತಿನಲ್ಲಿ ಇವೆಯೆಂಬುದನ್ನು ಬಲ್ಲವರಿಗೆ ಈ ವಿನಾಯಿತಿ ವಿಚಿತ್ರವಾಗಿ ತೋರದಿರದು.

ಫ್ರಾನ್ಸಿನ ಮಾಂಟೆಸ್ಕ್ಯೂ (1689-1755) ಸ್ವತಃ ಬೋರ್ಡೋ ನಗರದ ನ್ಯಾಯಸಭೆಯಲ್ಲಿ ಅಧ್ಯಕ್ಷಸ್ಥಾನವೊಂದನ್ನು ಹೊಂದಿದ್ದವನು. 1748ರಲ್ಲಿ ಪ್ರಕಟವಾದ ಅವನ ಶಾಸನಗಳ ಸ್ವಭಾವವನ್ನು ಕುರಿತ ಮಹಾಗ್ರಂಥದ ತಿರುಳು ಇಷ್ಟು: ಅಧಿಕಾರ ಕೈಗೆ ಬಂದವನು ಎಲ್ಲಿ ತಡೆ ಸಿಗುವುದೋ ಅಲ್ಲಿಯವರೆಗೆ ಅದನ್ನು ಚಾಚುತ್ತಲೇ ಹೋಗುತ್ತಾನೆ, ಆದ್ದರಿಂದ ಅಧಿಕಾರಕ್ಕೆ ಅಧಿಕಾರವೇ ಕಟ್ಟೆಯಾಗಬೇಕು. ಶಾಸನ ಮಾಡುವವರು, ಅದನ್ನು ಜಾರಿಗೊಳಿಸುವವರು, ತೀರ್ಪು ಕೊಡುವವರು ಒಬ್ಬರೇ ಆದರೆ ಪ್ರಜೆಗೆ ಸ್ವಾತಂತ್ರ್ಯವೆಂಬುದಿಲ್ಲ. ಯಾವುದೇ ವ್ಯವಸ್ಥಿತ ಅಂಗಡಿಯಲ್ಲಿ ನಗದು ಹಿಡಿಯುವವನೂ ಲೆಕ್ಕ ಬರೆಯುವವನೂ ಲೆಕ್ಕ ಪರಿಶೋಧಿಸುವವನೂ ಒಬ್ಬನೇ ಆಗಿರುವುದಿಲ್ಲ. ಗುಮಾಸ್ತನು ಕಳ್ಳನೆಂಬ ಸಂಶಯದಿಂದ ಮಾಡಿದ ಏರ್ಪಾಡಲ್ಲ ಅದು. ಒಳ್ಳೆಯವನನ್ನೂ ಪ್ರಲೋಭನೆಯಿಂದ ಕಾಪಾಡುವ ಏರ್ಪಾಡು. ಸಜ್ಜನ ರಾಜನನ್ನು ಹುಡುಕುವ ಬದಲು, ದುರ್ಜನನೂ ಕೆಡುಕು ಮಾಡಲಾಗದಂಥ ವ್ಯವಸ್ಥೆಯನ್ನು ಹುಡುಕಿದ್ದು ಮಾಂಟೆಸ್ಕ್ಯೂವಿನ ಹಿರಿಮೆ.

ಈ ವಿಚಾರಕ್ಕೂ ಕನ್ನಡ ನಾಡಿನ ಅಂಚಿಗೂ ಒಂದು ನಿಜವಾದ ಸಂಬಂಧವಿದೆ. ಕಾಸರಗೋಡಿನ ಎಡನೀರು ಮಠದ ಶ್ರೀ ಕೇಶವಾನಂದ ಭಾರತೀ ಸ್ವಾಮಿಗಳು ಭೂಸುಧಾರಣೆಗೆ ಸಂಬಂಧಿಸಿದ ಶಾಸನವನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದ್ದರು. 1973ರ ಏಪ್ರಿಲ್ 24ರಂದು 13 ನ್ಯಾಯಾಧೀಶರ ಪೀಠವು, ಏಳಕ್ಕೆ ಆರರ ಬಹುಮತದಿಂದ, ಸಂಸತ್ತು ಸಂವಿಧಾನವನ್ನು ತಿದ್ದಬಹುದಾದರೂ ಅದರ ಮೂಲಸ್ವರೂಪವನ್ನು ಕೆಡಿಸಲಾರದೆಂದು ತೀರ್ಪಿತ್ತಿತು. ಅಧಿಕಾರದ ವಿಭಜನೆಯೂ ಆ ಮೂಲಸ್ವರೂಪಕ್ಕೆ ಸೇರಿದುದೆಂದು ನ್ಯಾಯಾಲಯ ಎಣಿಸಿದೆ. ಬೋರ್ಡೋವಿನ ದ್ರಾಕ್ಷಿತೋಟಗಳ ಒಡೆಯನೊಬ್ಬನು ಬರೆದ ಮಾತು, ಎರಡು ಶತಮಾನಗಳ ನಂತರ, ಒಂದು ಮಠದ ವ್ಯಾಜ್ಯದ ಮೂಲಕ ಇಡೀ ದೇಶದ ಪ್ರಜೆಗಳಿಗೆ ರಕ್ಷೆಯಾಯಿತು. ಸ್ವಾಮಿಗಳಿಗೆ ತಮ್ಮ ಭೂಮಿಯ ವಿಷಯದಲ್ಲಿ ಹೇಳಿಕೊಳ್ಳುವಂಥ ಲಾಭವಾಗಲಿಲ್ಲ. ಲಾಭ ಕೋಟ್ಯಂತರ ಜನರಿಗೆ ಸಂದಿತು.

ಕಲಾಸನ ಪ್ರಕರಣದ ನೆರಳಿನಲ್ಲಿಯೇ ಇಟಲಿಯ ಮಿಲಾನ್ ನಗರದ ಬೆಕಾರಿಯಾ ಎಂಬ ತರುಣನು 1764ರಲ್ಲಿ ಅಪರಾಧ ಮತ್ತು ಶಿಕ್ಷೆಗಳನ್ನು ಕುರಿತು ಒಂದು ಸಣ್ಣ ಪುಸ್ತಕ ಬರೆದನು. ಆಗ ಅವನಿಗೆ 26 ವರ್ಷ. ಚಿತ್ರಹಿಂಸೆಯು ಸತ್ಯವನ್ನು ಹೊರತರುವುದಿಲ್ಲ. ಬಲಿಷ್ಠನಾದ ಅಪರಾಧಿಯನ್ನು ಬಿಡಿಸಿ, ದುರ್ಬಲನಾದ ನಿರಪರಾಧಿಯನ್ನು ಸಿಕ್ಕಿಸುತ್ತದೆ. ಶಿಕ್ಷೆ ಅಪರಾಧಕ್ಕೆ ತಕ್ಕಷ್ಟಿರಬೇಕು. ಅದು ಕ್ರೂರವಾಗಿರುವುದಕ್ಕಿಂತ ಖಚಿತವಾಗಿರುವುದು ಮುಖ್ಯ. ಕೊಲೆಯನ್ನು ನಿಷೇಧಿಸುವ ರಾಜ್ಯವು ತಾನೇ ಕೊಲ್ಲುವುದು ಅಸಂಗತ. ಈ ವಾದದ ಪ್ರಭಾವದಿಂದ 1786ರಲ್ಲಿ ಇಟಲಿಯ ಟಸ್ಕನಿ ರಾಜ್ಯವು ಮರಣದಂಡನೆಯನ್ನು ರದ್ದುಪಡಿಸಿತು. ಹಿಂಸೆಯನ್ನು ಪೂರ್ತಿಯಾಗಿ ತೊರೆಯಲಾರದ ರಾಜ್ಯವೂ ಅದನ್ನು ಅಳೆದು ತೂಗಿ ಕಡಿಮೆ ಮಾಡಬಹುದೆಂಬುದಕ್ಕೆ ಇದೊಂದು ದೃಷ್ಟಾಂತ.

ಇನ್ನು ರೂಸೋ (1712-1778). ಜಿನೀವಾದ ಗಡಿಯಾರ ತಯಾರಕನ ಮಗ. 1762ರಲ್ಲಿ ಪ್ರಕಟವಾದ ಅವನ ಸಾಮಾಜಿಕ ಒಪ್ಪಂದದ ಗ್ರಂಥವು ಸಾರ್ವಭೌಮತ್ವ ರಾಜನದಲ್ಲ, ಸಮಸ್ತ ಪ್ರಜೆಗಳದು ಎಂದು ಸಾರಿತು. ಪ್ರತಿಯೊಬ್ಬನೂ ತನ್ನ ಸ್ವಾರ್ಥವನ್ನು ಬದಿಗಿಟ್ಟು ಎಲ್ಲರ ಹಿತವನ್ನು ಬಯಸಿದಾಗ ರೂಪುಗೊಳ್ಳುವ ಸಂಕಲ್ಪವೇ ಶಾಸನದ ಮೂಲವೆಂದು ಅವನು ತಿಳಿದನು. ಅದೇ ವರ್ಷ ಹೊರಬಂದ ಎಮಿಲ್ ಎಂಬ ಗ್ರಂಥವು ಮಕ್ಕಳನ್ನು ಪ್ರೀತಿಯಿಂದ, ಅವರ ಸ್ವಭಾವಕ್ಕನುಗುಣವಾಗಿ ಬೆಳೆಸುವ ಬಗೆಯನ್ನು ಬೋಧಿಸಿತು. ಆದರೆ ಆ ಬೋಧಕನು ತನ್ನ ಐವರು ಮಕ್ಕಳನ್ನೂ ಹುಟ್ಟಿದೊಡನೆ ಅನಾಥಾಲಯಕ್ಕೆ ಕಳುಹಿಸಿದ್ದನು! ಇದನ್ನು 1764ರಲ್ಲಿ ಹೆಸರಿಲ್ಲದ ಕರಪತ್ರದ ಮೂಲಕ ಬಯಲಿಗೆಳೆದವನು ವಾಲ್ಟೇರ್. ಮುಂದೆ ತನ್ನ ಆತ್ಮಕಥೆಯಲ್ಲಿ ರೂಸೋ ಅದನ್ನು ಒಪ್ಪಿಕೊಂಡನು. ಪರರ ದೋಷವನ್ನು ಮರೆಯಲ್ಲಿ ನಿಂತು ಸಾರಿದವನೂ, ತನ್ನ ದೋಷವನ್ನು ಅಷ್ಟು ವರ್ಷ ಮುಚ್ಚಿಟ್ಟವನೂ ಇಬ್ಬರೂ ಮಹಾಚಿಂತಕರೇ ಎಂಬುದು ಮನುಷ್ಯಸ್ವಭಾವದ ಪಾಠ.

ಜರ್ಮನಿಯ ಇಮ್ಯಾನುಯೆಲ್ ಕಾಂಟನು 1784ರಲ್ಲಿ, ಜ್ಞಾನೋದಯವೆಂದರೇನು ಎಂಬ ಪ್ರಶ್ನೆಗೆ ಉತ್ತರವಾಗಿ, ಪರರ ಬುದ್ಧಿಯನ್ನು ಅವಲಂಬಿಸಿ ಬದುಕುವ ಬಾಲಿಶಸ್ಥಿತಿಯಿಂದ ಹೊರಬಂದು ಸ್ವಂತ ವಿವೇಕವನ್ನು ಬಳಸುವ ಧೈರ್ಯವೇ ಜ್ಞಾನೋದಯವೆಂದನು. ಮನುಷ್ಯನನ್ನು ಯಾವಾಗಲೂ ಗುರಿಯೆಂದೇ ಕಾಣಬೇಕು, ಕೇವಲ ಸಾಧನವೆಂದು ಬಳಸಬಾರದು ಎಂಬುದು ಅವನ ನೀತಿಶಾಸ್ತ್ರದ ಸಾರ. ಆದರೆ 1797ರ ತನ್ನ ಗ್ರಂಥದಲ್ಲಿ, ಹೆಂಗಸರೂ ಮನೆಯಾಳುಗಳೂ ಮತದಾನಕ್ಕೆ ಅರ್ಹರಾದ ಪ್ರಜೆಗಳಲ್ಲವೆಂದು ಅವನೇ ವರ್ಗೀಕರಿಸಿದನು. ಎಲ್ಲ ಮನುಷ್ಯರೂ ಸಮಾನರಾಗಿ ಸೃಷ್ಟಿಯಾದವರೆಂದು 1776ರ ಅಮೆರಿಕದ ಸ್ವಾತಂತ್ರ್ಯ ಘೋಷಣೆಯಲ್ಲಿ ಬರೆದ ಥಾಮಸ್ ಜೆಫರ್ಸನ್ನನು ತನ್ನ ಜೀವಮಾನದಲ್ಲಿ 600ಕ್ಕೂ ಹೆಚ್ಚು ಗುಲಾಮರ ಒಡೆಯನಾಗಿದ್ದನು. ಬಿಡುಗಡೆ ಮಾಡಿದ್ದು ಬೆರಳೆಣಿಕೆಯವರನ್ನು ಮಾತ್ರ.

ಇಂಥ ಲೆಕ್ಕವನ್ನು ಮುಂದಿಟ್ಟಾಗ ಸಾಮಾನ್ಯವಾಗಿ ಎರಡು ಬಗೆಯ ತೀರ್ಮಾನಗಳು ಕೇಳಿಬರುತ್ತವೆ. ಮೊದಲನೆಯದು: ಇವರೆಲ್ಲ ಕಪಟಿಗಳು, ಇವರ ಮಾತನ್ನು ಕಸದಂತೆ ಎಸೆಯಬೇಕು. ಎರಡನೆಯದು: ಅದು ಆ ಕಾಲದ ರೀತಿ, ಇಂದಿನ ತಕ್ಕಡಿಯಲ್ಲಿ ಅಂದಿನವರನ್ನು ತೂಗಬಾರದು. ಎರಡೂ ಸುಲಭ, ಸುಲಭವಾದುದರಿಂದಲೇ ಎರಡನ್ನೂ ಪರೀಕ್ಷಿಸಬೇಕಾಗಿದೆ.

ಎರಡನೆಯದನ್ನು ಮೊದಲು ನೋಡಬಹುದು. ಕಾಲವೇ ಹಾಗಿತ್ತೆಂಬುದು ನಿಜವಾಗಿದ್ದರೆ ಆ ಕಾಲದಲ್ಲಿ ಯಾರಿಗೂ ಬೇರೆ ರೀತಿ ಕಾಣಿಸಿರಬಾರದು. ಆದರೆ ಲಾಕನ ಪುಸ್ತಕ ಹೊರಬರುವ ಮುನ್ನವೇ, 1688ರಲ್ಲಿ, ಪೆನ್ಸಿಲ್ವೇನಿಯಾದ ಜರ್ಮನ್‌ಟೌನ್ ಎಂಬ ಸಣ್ಣ ಊರಿನ ನಾಲ್ವರು ಗುಲಾಮಗಿರಿ ತಪ್ಪೆಂದು ತಮ್ಮ ಧರ್ಮಸಭೆಗೆ ಬರೆದುಕೊಟ್ಟಿದ್ದರು. 1781ರಲ್ಲಿ ಗಣಿತಜ್ಞನಾದ ಕಾಂಡೋರ್ಸೆ ಗುಲಾಮಗಿರಿಯನ್ನು ಅಪರಾಧವೆಂದು ಕರೆದು ಪುಸ್ತಕ ಬರೆದನು. 1790ರಲ್ಲಿ ಹೆಂಗಸರಿಗೂ ಪೌರಹಕ್ಕು ಕೊಡಬೇಕೆಂದು ವಾದಿಸಿದನು. 1791ರಲ್ಲಿ ಒಲಿಂಪ್ ದ ಗೂಜ್ ಎಂಬ ಲೇಖಕಿ, ಪುರುಷರ ಹಕ್ಕುಗಳ ಘೋಷಣೆಗೆ ಸರಿಸಾಟಿಯಾಗಿ ಸ್ತ್ರೀಯರ ಹಕ್ಕುಗಳ ಘೋಷಣೆಯನ್ನು ರಚಿಸಿದಳು. ಬೆಳಕು ಅದೇ ಸೂರ್ಯನದಾಗಿತ್ತು. ಕೆಲವರು ಕಿಟಕಿ ತೆರೆದರು, ಕೆಲವರು ತೆರೆಯಲಿಲ್ಲ. ಆದ್ದರಿಂದ ಕಾಲದ ಮೇಲೆ ಹೊರೆ ಹೊರಿಸುವುದು ಪೂರ್ಣ ಸಮಾಧಾನವಲ್ಲ. ಕಾಲವು ತಪ್ಪನ್ನು ಸುಲಭಗೊಳಿಸಬಹುದು. ಅದನ್ನು ಸರಿ ಮಾಡಲಾರದು.

ಇನ್ನು ಮೊದಲನೆಯ ತೀರ್ಮಾನ. ಹೇಳಿದವನು ಕೆಟ್ಟವನಾದರೆ ಹೇಳಿದ ಮಾತು ಸುಳ್ಳಾಗುವುದೆ? ದಿವಾಳಿಯಾದ ವರ್ತಕನು ಎರಡು ಮತ್ತು ಎರಡು ನಾಲ್ಕು ಎಂದರೆ ಮೊತ್ತ ಮೂರಾಗುವುದಿಲ್ಲ. ವೈದ್ಯನೇ ಪಥ್ಯ ಮುರಿದರೂ ಅವನು ಹೇಳಿದ ಪಥ್ಯ ರೋಗಿಗೆ ಹಿತವೇ ಆಗಿರಬಹುದು. ಈ ಮಾತು ಕೇವಲ ತರ್ಕದ್ದಲ್ಲ; ಚರಿತ್ರೆಯೇ ಇದನ್ನು ಸಿದ್ಧಪಡಿಸಿದೆ. 1789ರ ಆಗಸ್ಟ್ 26ರಂದು ಫ್ರಾನ್ಸಿನ ಸಭೆಯು ಮಾನವಹಕ್ಕುಗಳ ಘೋಷಣೆಯನ್ನು ಅಂಗೀಕರಿಸಿದಾಗ, ಫ್ರಾನ್ಸಿನ ಅಧೀನದಲ್ಲಿದ್ದ ಸೇಂಟ್ ಡೊಮಿಂಗೊ ಎಂಬ ಸಕ್ಕರೆಯ ವಸಾಹತಿನಲ್ಲಿ ಸುಮಾರು ಐದು ಲಕ್ಷ ಗುಲಾಮರಿದ್ದರು. ಅವರು ಆ ಮಾತನ್ನು ಬರೆದವರ ಲೆಕ್ಕದಲ್ಲಿಯೇ ಇರಲಿಲ್ಲ. 1791ರಲ್ಲಿ ಅವರು ದಂಗೆಯೆದ್ದರು. ಅವರ ನಾಯಕ ಟೂಸಾಂ ಲೂವೆರ್ತ್ಯೂರ್ ಫ್ರಾನ್ಸಿನ ಮಾತಿನಿಂದಲೇ ಫ್ರಾನ್ಸನ್ನು ಪ್ರಶ್ನಿಸಿದನು. 1794ರಲ್ಲಿ ಫ್ರೆಂಚ್ ಸಭೆಯು ಗುಲಾಮಗಿರಿಯನ್ನು ರದ್ದುಪಡಿಸಿತು; 1802ರಲ್ಲಿ ನೆಪೋಲಿಯನ್ ಅದನ್ನು ಮರಳಿ ಸ್ಥಾಪಿಸಹೊರಟನು. ಟೂಸಾಂ ಫ್ರಾನ್ಸಿನ ಕೋಟೆಯೊಂದರ ಸೆರೆಯಲ್ಲಿ 1803ರಲ್ಲಿ ತೀರಿಕೊಂಡನು. ಆದರೂ 1804ರ ಜನವರಿ 1ರಂದು ಹೈಟಿ ಎಂಬ ಸ್ವತಂತ್ರ ರಾಷ್ಟ್ರ ಉದಯಿಸಿತು. ಈ ಬಿಡುಗಡೆ ಬಹಳ ರಕ್ತವನ್ನು ಬೇಡಿತು. ಅದಾದ ಬಳಿಕವೂ 1825ರಲ್ಲಿ ಫ್ರಾನ್ಸ್ ತನ್ನವರ ನಷ್ಟಕ್ಕೆಂದು 15 ಕೋಟಿ ಫ್ರಾಂಕುಗಳ ಪರಿಹಾರವನ್ನು ಆ ಬಡದೇಶದ ಮೇಲೆಯೇ ಹೊರಿಸಿತು. ದರೋಡೆಗೆ ಒಳಗಾದವನೇ ದರೋಡೆಕಾರನಿಗೆ ಬಡ್ಡಿ ತೆತ್ತಂತಾಯಿತು.

1963ರಲ್ಲಿ ವಾಷಿಂಗ್ಟನ್ ನಗರದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರು ಜೆಫರ್ಸನ್ನನ ಘೋಷಣೆಯನ್ನು ಒಂದು ಪ್ರಾಮಿಸರಿ ನೋಟಿಗೆ ಹೋಲಿಸಿದರು. ವ್ಯಾಪಾರ ಬಲ್ಲವರಿಗೆ ಈ ಉಪಮೆಯ ಆಳ ಬೇಗ ತಿಳಿಯುತ್ತದೆ. ನೋಟು ಬರೆದುಕೊಟ್ಟವನು ಹಣ ಕೊಡುವ ಮನಸ್ಸಿಲ್ಲದವನಾಗಿರಬಹುದು. ಆದರೆ ಅವನ ಸಹಿ ಇದೆ. ಅವನ ಮನಸ್ಸಿನಲ್ಲಿ ಏನಿತ್ತೆಂದು ನ್ಯಾಯಾಲಯ ಕೇಳುವುದಿಲ್ಲ, ಬರೆದದ್ದೇನೆಂದು ಕೇಳುತ್ತದೆ. ಸಾಲಗಾರನು ಅಪ್ರಾಮಾಣಿಕನೆಂದು ಸಿಟ್ಟಿಗೆದ್ದು ನೋಟನ್ನೇ ಹರಿದುಹಾಕುವವನು ತನ್ನ ಹಕ್ಕನ್ನು ತಾನೇ ಕಳೆದುಕೊಳ್ಳುತ್ತಾನೆ. ಜ್ಞಾನೋದಯದ ಚಿಂತಕರ ಮಾತನ್ನು ಎಸೆಯಬೇಕೆಂದು ಹೇಳುವವರು ಮರೆಯುವುದು ಇದನ್ನೇ. ಆ ಮಾತುಗಳು ಇಂದು ಆಡಿದವರ ಸ್ವತ್ತಲ್ಲ. ಯಾರಿಗೆ ಅವು ಸಲ್ಲಬೇಕೋ ಅವರ ಸ್ವತ್ತು.

ಹಾಗಾದರೆ ಚಿಂತಕನ ನಡತೆಯನ್ನು ವಿಚಾರಿಸುವುದೇ ವ್ಯರ್ಥವೆ? ಅಲ್ಲ. ಇಲ್ಲಿಯೇ ಸೂಕ್ಷ್ಮವಾದ ಒಂದು ಅಂಶವಿದೆ. ಲಾಕನ ಗ್ರಂಥದಲ್ಲಿ ಎಲ್ಲರೂ ಸ್ವತಂತ್ರರು. ಆದರೆ ನ್ಯಾಯವಾದ ಯುದ್ಧದಲ್ಲಿ ಸೆರೆಸಿಕ್ಕವರು ಗುಲಾಮರಾಗಬಹುದೆಂಬ ಒಂದು ಕಿಂಡಿ ಅಲ್ಲಿದೆ. ಕಾಂಟನ ಗ್ರಂಥದಲ್ಲಿ ಎಲ್ಲರೂ ಗೌರವಾರ್ಹರು. ಆದರೆ ಮನೆಯಲ್ಲಿ ದುಡಿಯುವವರು ಮತಕ್ಕೆ ಅರ್ಹರಲ್ಲವೆಂಬ ಕಿಂಡಿ ಇದೆ. ಈ ಕಿಂಡಿಗಳೆಲ್ಲ ತೆರೆದಿರುವುದು ಲೇಖಕನ, ಇಲ್ಲವೆ ಅವನ ವರ್ಗದ, ಅನುಕೂಲವಿರುವ ದಿಕ್ಕಿನಲ್ಲಿಯೇ. ಅನುಭವಿಯಾದ ಲೆಕ್ಕಪರಿಶೋಧಕನು ಎಲ್ಲ ಪುಟಗಳನ್ನೂ ಒಂದೇ ಸಂಶಯದಿಂದ ನೋಡುವುದಿಲ್ಲ. ಲೆಕ್ಕ ಬರೆದವನಿಗೆ ಎಲ್ಲಿ ಸ್ವಂತ ಲಾಭವಿದೆಯೋ ಆ ಪುಟದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತಾನೆ. ಹಾಗೆಯೇ ಚಿಂತಕನ ನಡತೆಯು ಅವನ ಸಿದ್ಧಾಂತವನ್ನು ಸುಳ್ಳು ಮಾಡುವುದಿಲ್ಲ. ಆದರೆ ಸಿದ್ಧಾಂತದ ಯಾವ ಪುಟವನ್ನು ಎಚ್ಚರದಿಂದ ಓದಬೇಕೆಂದು ತೋರಿಸುತ್ತದೆ. ತತ್ತ್ವದಲ್ಲಿ ‘ಎಲ್ಲರೂ’ ಎಂದು ಬರೆದು, ವಿನಾಯಿತಿಯಲ್ಲಿ ‘ಇವರನ್ನು ಬಿಟ್ಟು’ ಎಂದು ಸೇರಿಸುವ ಕೈ ಸಾಮಾನ್ಯವಾಗಿ ಒಂದೇ ಆಗಿರುತ್ತದೆ.

ನುಡಿ ನಡೆಗಳೆರಡೂ ಬಹುಮಟ್ಟಿಗೆ ಕೂಡಿದವರೂ ಆ ಯುಗದಲ್ಲಿ ಇದ್ದರು. ಕಾಂಡೋರ್ಸೆ ಅಂಥವನು. ದೊರೆ ಹದಿನಾರನೆಯ ಲೂಯಿ ಅಪರಾಧಿಯೆಂದು ಒಪ್ಪಿದರೂ, ಮರಣದಂಡನೆ ತತ್ತ್ವತಃ ತಪ್ಪೆಂದು ನಂಬಿದ್ದುದರಿಂದ ಅವನನ್ನು ಕೊಲ್ಲುವುದಕ್ಕೆ ಕಾಂಡೋರ್ಸೆ ಮತ ಕೊಡಲಿಲ್ಲ. ಕ್ರಾಂತಿಯ ಉಗ್ರರು ಅವನ ಬಂಧನಕ್ಕೆ ಆಜ್ಞೆ ಹೊರಡಿಸಿದರು. ತಿಂಗಳುಗಟ್ಟಲೆ ಅಡಗಿದ್ದ ಅವಧಿಯಲ್ಲಿ ಅವನು ಬರೆದದ್ದು ದೂರಿನ ಪತ್ರವಲ್ಲ. ಮಾನವಚೇತನದ ಪ್ರಗತಿಯನ್ನು ಕುರಿತ ಗ್ರಂಥ. 1794ರ ಮಾರ್ಚ್‌ನಲ್ಲಿ ಸೆರೆಮನೆಯಲ್ಲಿ ಅವನು ಸತ್ತನು. ಒಲಿಂಪ್ ದ ಗೂಜ್‌ಳನ್ನು 1793ರ ನವೆಂಬರ್‌ನಲ್ಲಿಯೇ ಗಿಲೊಟಿನ್ ಯಂತ್ರಕ್ಕೆ ಒಪ್ಪಿಸಲಾಗಿತ್ತು. ಇಬ್ಬರನ್ನೂ ಬೇಟೆಯಾಡಿದವರು ಸ್ವಾತಂತ್ರ್ಯದ ಹೆಸರನ್ನೇ ಜಪಿಸುತ್ತಿದ್ದವರು, ರೂಸೋವನ್ನು ಗುರುವೆಂದು ಪೂಜಿಸುತ್ತಿದ್ದವರು. ಜನರ ಸಂಕಲ್ಪ ತನಗೊಬ್ಬನಿಗೇ ಗೊತ್ತೆಂದು ನಂಬಿದವನ ಕೈಯಲ್ಲಿ ಒಳ್ಳೆಯ ಮಾತೂ ಕತ್ತಿಯಾಗುತ್ತದೆ. ರೂಸೋವಿನ ಉತ್ಸಾಹಕ್ಕೆ ಮಾಂಟೆಸ್ಕ್ಯೂವಿನ ಕಟ್ಟೆ ಏಕೆ ಬೇಕೆಂಬುದು ಇಲ್ಲಿ ತಿಳಿಯುತ್ತದೆ.

ಭಾರತದ ಸಂವಿಧಾನದ ಪೀಠಿಕೆಯಲ್ಲಿ ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವ ಎಂಬ ಪದಗಳಿವೆ. ಇವು ಫ್ರೆಂಚ್ ಕ್ರಾಂತಿಯಿಂದ ಎರವಲು ಪಡೆದವಲ್ಲ, ಬುದ್ಧನ ಬೋಧನೆಯಿಂದ ತಾವು ಪಡೆದವು ಎಂದು ಡಾ. ಬಿ. ಆರ್. ಅಂಬೇಡ್ಕರ್ ಅವರು 1954ರ ಅಕ್ಟೋಬರ್‌ನಲ್ಲಿ ಆಕಾಶವಾಣಿಯ ಭಾಷಣದಲ್ಲಿ ಹೇಳಿದರು. ಇದನ್ನು ಕೇಳಿ, ಎಲ್ಲವೂ ಈ ನೆಲದಲ್ಲಿ ಮೊದಲೇ ಇತ್ತೆಂದು ಹೆಮ್ಮೆಪಟ್ಟು ಪುಸ್ತಕ ಮುಚ್ಚುವುದು ಸುಲಭ. ಆದರೆ ಅದೇ ಅಂಬೇಡ್ಕರ್ ಅವರು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಕೊಟ್ಟ ಎಚ್ಚರಿಕೆಯನ್ನು ಮರೆಯಬಾರದು. ರಾಜಕೀಯದಲ್ಲಿ ಒಬ್ಬನಿಗೆ ಒಂದು ಮತವೆಂಬ ಸಮಾನತೆ, ಸಮಾಜದಲ್ಲಿಯೂ ಸಂಪತ್ತಿನಲ್ಲಿಯೂ ಅಸಮಾನತೆ, ಇಂಥ ವಿರೋಧಾಭಾಸದ ಬಾಳಿಗೆ ದೇಶವು ಕಾಲಿಡುತ್ತಿದೆಯೆಂದು ಅವರು ಹೇಳಿದ್ದರು. ನುಡಿಗೂ ನಡೆಗೂ ನಡುವಿನ ಅಂತರವು ಪ್ಯಾರಿಸ್ಸಿಗೋ ವರ್ಜೀನಿಯಕ್ಕೋ ಮಾತ್ರ ಸೇರಿದುದಲ್ಲ. ಪ್ರಾಚೀನವಾದ ಉದಾತ್ತ ನುಡಿಗಳನ್ನು ಪಡೆದ ಸಮಾಜಕ್ಕೆ ಋಣವೂ ಅಷ್ಟೇ ದೊಡ್ಡದು.

ಆದ್ದರಿಂದ ಈ ಚಿಂತಕರನ್ನು ಓದುವ ಕ್ರಮ ಮೂರು ಬಗೆಯದಾಗಿರಬೇಕು. ಅವರ ಮಾತು ನಿಜವೋ ಅಲ್ಲವೋ ಎಂಬುದನ್ನು ಮಾತಿನಿಂದಲೇ ಪರೀಕ್ಷಿಸಬೇಕು. ಅವರ ವಿನಾಯಿತಿಗಳನ್ನು ಅವರ ಬಾಳಿನ ಬೆಳಕಿನಲ್ಲಿ ಪರೀಕ್ಷಿಸಬೇಕು. ಕೊನೆಯದಾಗಿ, ಓದುವವನು ಅದೇ ಮಾತಿನಿಂದ ತನ್ನನ್ನು ಪರೀಕ್ಷಿಸಿಕೊಳ್ಳಬೇಕು. ಮೊದಲೆರಡು ಪಾಂಡಿತ್ಯದ ಕೆಲಸಗಳು. ಮೂರನೆಯದು ಧರ್ಮದ ಕೆಲಸ. ಸಭೆಯಲ್ಲಿ ಸಮಾನತೆಯನ್ನು ಕುರಿತು ಭಾಷಣ ಮಾಡಿ, ಸಭೆ ಮುಗಿದ ಮೇಲೆ ಚಾಪೆ ಮಡಿಸುವವನ ಹೆಸರನ್ನೂ ಕೇಳದೆ ಹೊರಡುವವನು ಲಾಕನನ್ನು ದೂರಲು ಅರ್ಹನಲ್ಲ. ಲೆಕ್ಕ ಕೇಳಿದವರ ಮೇಲೆ ಮುನಿಸಿಕೊಳ್ಳುವ ಧರ್ಮದರ್ಶಿಯು ರಾಜರ ನಿರಂಕುಶತೆಯನ್ನು ಖಂಡಿಸಿದರೆ ಕೇಳುವವರು ನಗುವರು.

ಕೊನೆಯಲ್ಲಿ ತೂಲೂಸಿನ ಆ ಮನೆಗೆ ಮರಳುವುದು ಉಚಿತ. ಕಲಾಸನೊಡನೆ ಸೆರೆಯಾದ ಮನೆಗೆಲಸದ ಹೆಂಗಸಿನ ಹೆಸರು ಝಾನ್ ವಿಗ್ಯೇರ್. ಅವಳು ನಿಷ್ಠಾವಂತ ಕ್ಯಾಥೊಲಿಕ್ ಭಕ್ತೆ. ಕಲಾಸನ ಇನ್ನೊಬ್ಬ ಮಗ ಲೂಯಿ ಹಿಂದೆ ಕ್ಯಾಥೊಲಿಕ್ ಮತಕ್ಕೆ ಸೇರಿದಾಗ ಅದಕ್ಕೆ ನೆರವಾದವಳೂ ಅವಳೇ. ಆದರೂ ಯಜಮಾನನು ಅವಳನ್ನು ಮನೆಯಿಂದ ಕಳುಹಿಸಿರಲಿಲ್ಲ. ಇಡೀ ನಗರ, ಅವಳದೇ ಮತದವರು, ಅವಳಿಂದ ಒಂದೇ ಒಂದು ಮಾತನ್ನು ನಿರೀಕ್ಷಿಸುತ್ತಿದ್ದರು: ತಂದೆಯೇ ಕೊಂದನೆಂದು. ಆ ಮಾತು ಹೇಳಿದ್ದರೆ ಅವಳಿಗೆ ಬಿಡುಗಡೆಯೂ ಇತ್ತು, ಮೆಚ್ಚುಗೆಯೂ ಇತ್ತು. ಅವಳು ಹೇಳಲಿಲ್ಲ. ಆ ಸಂಜೆ ಮನೆಯವರೆಲ್ಲ ಒಟ್ಟಿಗೇ ಇದ್ದರೆಂದೂ ಅವರು ನಿರಪರಾಧಿಗಳೆಂದೂ ಕೊನೆಯವರೆಗೆ ಸಾಕ್ಷಿ ನುಡಿದಳು.

ಸಹಿಷ್ಣುತೆಯ ಮೇಲೆ ಅವಳು ಗ್ರಂಥ ಬರೆಯಲಿಲ್ಲ. ತನ್ನ ಮತವನ್ನು ಬಿಡಲೂ ಇಲ್ಲ, ಅದರ ಹೆಸರಿನಲ್ಲಿ ಸುಳ್ಳು ಹೇಳಲೂ ಇಲ್ಲ. ವಾಲ್ಟೇರನ ಲೇಖನಿಗೆ ಆಧಾರವಾದ ಸತ್ಯಗಳಲ್ಲಿ ಅವಳ ಸಾಕ್ಷ್ಯವೂ ಒಂದು. ತತ್ತ್ವಜ್ಞರ ನುಡಿಗೆ ಬೆಲೆಯುಂಟೆ ಎಂಬ ಪ್ರಶ್ನೆಗೆ ಉತ್ತರ ಗ್ರಂಥಗಳಲ್ಲಿ ಅರ್ಧ ಮಾತ್ರ ಸಿಗುತ್ತದೆ. ಉಳಿದರ್ಧವನ್ನು ಇಂಥವರು ನಡೆದು ತೋರಿಸುತ್ತಾರೆ.